ಕಾಲ ಕೆಳಗಿನ ಕಲ್ಲೇ ಪಠ್ಯ

ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ ಬಾಲಭಾರತಿ ಕನ್ನಡದಲ್ಲೂ ಪುಸ್ತಕಗಳನ್ನು ಅಚ್ಚು ಹಾಕುತ್ತದೆ. ಆರನೆಯ ತರಗತಿಯ ಭೂಗೋಳದಲ್ಲಿ ಶಿಲೆಗಳ ಬಗ್ಗೆ ಒಂದು ಪಾಠವಿದೆ. ಮುಂಬಯಿಯ ಕನ್ನಡ ಮಾಧ್ಯಮದ ಮಗು ಅದನ್ನು ಓದಿ, ಅಗ್ನಿಶಿಲೆ, ಪದರಶಿಲೆ, ರೂಪಾಂತರ ಶಿಲೆ ಎಂದು ಮೂರು ಬಗೆಯನ್ನೂ ತಪ್ಪಿಲ್ಲದೆ ಒಪ್ಪಿಸುತ್ತದೆ, ಪರೀಕ್ಷೆಯಲ್ಲಿ ಉದಾಹರಣೆ ಸಮೇತ ಬರೆಯುತ್ತದೆ. ಆದರೆ ನಿಮ್ಮ ಶಾಲೆಯ ಕಾಂಪೌಂಡಿನ ಕಲ್ಲು ಯಾವುದು, ಮನೆಯ ನೆಲಕ್ಕೆ ಹಾಸಿದ ಕಲ್ಲು ಎಲ್ಲಿಂದ ಬಂತು ಎಂದು ಕೇಳಿದರೆ ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಾರೆ. ಶಿಲೆ ಎಂದರೆ ಎಲ್ಲೋ ದೂರದ ಬೆಟ್ಟದಲ್ಲಿ ಇರುವಂಥದು ಎಂಬ ಭಾವನೆ ಅವರಲ್ಲಿ ಕೂತುಬಿಟ್ಟಿರುತ್ತದೆ.

ಮುಂಬಯಿಯ ಶಾಲೆಗಳಿಗೆ ಆಟದ ಮೈದಾನವಿಲ್ಲ, ಪ್ರಯೋಗಾಲಯಕ್ಕೆ ಜಾಗವಿಲ್ಲ ಎಂಬ ಕೊರತೆಗಳು ನಿಜ. ಶಿಲೆಗಳ ಪಾಠಕ್ಕೆ ಮಾತ್ರ ಈ ನಗರದಲ್ಲಿ ಯಾವ ಕೊರತೆಯೂ ಇಲ್ಲ. ಲೋಕಲ್ ರೈಲಿನ ಹಳಿ, ಅಂಧೇರಿಯ ಗುಡ್ಡ, ವರ್ಲಿಯ ದಂಡೆ, ಫೋರ್ಟ್ ಪ್ರದೇಶದ ಕಟ್ಟಡಗಳು, ಚಾಳಿನ ನೆಲ ಎಲ್ಲವೂ ಪಾಠೋಪಕರಣಗಳೇ. ಅವುಗಳನ್ನು ತೋರಿಸಿ ಕಲಿಸಿದರೆ ಭೂವಿಜ್ಞಾನ ಬಾಯಿಪಾಠವಾಗಿ ಉಳಿಯುವುದಿಲ್ಲ, ಮಗು ತಾನು ಬದುಕುವ ಊರನ್ನು ಓದಲು ಕಲಿಯುತ್ತದೆ.

ಹಳಿಯ ಮೇಲಿನ ಕರಿಕಲ್ಲು

ಮುಂಬಯಿಯ ಮಗು ದಿನವೂ ನೋಡುವ ಕಲ್ಲೆಂದರೆ ಲೋಕಲ್ ಹಳಿಗಳ ನಡುವೆ ಸುರಿದಿರುವ ಜಲ್ಲಿ. ಇದು ಬಸಾಲ್ಟ್. ಮುರಿದ ಹೊಸ ಮುಖ ಬೂದು ಮಿಶ್ರಿತ ಕಪ್ಪು, ಕೈಗೆ ಭಾರ, ಕಣಗಳು ಬರಿಗಣ್ಣಿಗೆ ಕಾಣದಷ್ಟು ಸಣ್ಣವು. ಕರಗಿದ ಶಿಲಾರಸ ನೆಲದ ಮೇಲಕ್ಕೆ ಬಂದು ಬೇಗ ಆರಿದ್ದರಿಂದ ಹರಳುಗಳಿಗೆ ದೊಡ್ಡದಾಗಿ ಬೆಳೆಯಲು ಸಮಯ ಸಿಗಲಿಲ್ಲ. ಶಿಲಾರಸ ನೆಲದಾಳದಲ್ಲೇ ನಿಧಾನವಾಗಿ ಆರಿದರೆ ಹರಳುಗಳು ದೊಡ್ಡವಾಗುತ್ತವೆ. ಅಡುಗೆಮನೆಯ ಕಟ್ಟೆಗೆ ಹಾಸಿದ ಗ್ರಾನೈಟಿನಲ್ಲಿ ಬಿಳಿ, ಗುಲಾಬಿ, ಕಪ್ಪು ಚುಕ್ಕೆಗಳು ಬೇರೆಬೇರೆಯಾಗಿ ಕಾಣುವುದು ಅದು ಆಳದಲ್ಲಿ ಮೆಲ್ಲಗೆ ಗಟ್ಟಿಯಾದ ಕಲ್ಲು ಎಂಬ ಕಾರಣಕ್ಕೆ. ಈ ಎರಡು ಕಲ್ಲುಗಳನ್ನು ಅಕ್ಕಪಕ್ಕ ಇಟ್ಟು ಭೂತಗನ್ನಡಿ ಕೊಟ್ಟರೆ ಅಗ್ನಿಶಿಲೆಯ ಅರ್ಧ ಪಾಠ ಅಲ್ಲೇ ಮುಗಿಯುತ್ತದೆ.

ಈ ಬಸಾಲ್ಟ್ ದಖ್ಖನ್ ಲಾವಾ ಹಾಸಿನ ಭಾಗ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪಶ್ಚಿಮ ಮತ್ತು ಮಧ್ಯ ಭಾರತದಲ್ಲಿ ನೆಲ ಉದ್ದುದ್ದ ಬಿರುಕು ಬಿಟ್ಟು ಲಾವಾ ಮತ್ತೆ ಮತ್ತೆ ಹರಿಯಿತು. ಒಂದು ಹರಿವು ಆರಿದ ಮೇಲೆ ಇನ್ನೊಂದು ಬಂದು ಪದರದ ಮೇಲೆ ಪದರ ಕೂತಿತು. ಇಂದಿಗೂ ಈ ಹಾಸು ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಮುಚ್ಚಿದೆ. ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಜಿಲ್ಲೆಗಳ ಬಹುಭಾಗ ಇದರ ಮೇಲಿದೆ. ಅಲ್ಲಿನ ಎರೆಮಣ್ಣು ಇದೇ ಕಲ್ಲು ಶಿಥಿಲವಾಗಿ ಆದದ್ದು, ಗೋಳಗುಮ್ಮಟ ಎದ್ದುನಿಂತದ್ದು ಇದೇ ಕಲ್ಲಿನಲ್ಲಿ. ಕರ್ಜತ್ ಕಡೆಗೆ ಹೋಗುವ ಲೋಕಲ್‌ನಲ್ಲಿ ಕಿಟಕಿಯ ಪಕ್ಕ ಕೂತ ಮಗು ಮಾಥೆರಾನ್ ಬೆಟ್ಟವನ್ನು ನೋಡಿದರೆ ಒಂದರ ಮೇಲೊಂದು ಕೂತ ಲಾವಾ ಹರಿವುಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತವೆ.

ಮುಂಬಯಿ ಈ ಕಥೆಯ ಕೊನೆಯ ಅಧ್ಯಾಯ. ದಖ್ಖನ್‌ನ ಮಹಾ ಉಕ್ಕುವಿಕೆ ಮುಗಿದ ಬಳಿಕವೂ ಇಲ್ಲಿ ಜ್ವಾಲಾಮುಖಿ ಚಟುವಟಿಕೆ ನಡೆದೇ ಇತ್ತು. ಮುಂಬಯಿ ಮತ್ತು ಅದರ ಉಪನಗರಗಳಿರುವ ಸಾಲ್ಸೆಟ್ ದ್ವೀಪದ ಅನೇಕ ಶಿಲೆಗಳ ವಯಸ್ಸು 6 ಕೋಟಿಯಿಂದ 6.3 ಕೋಟಿ ವರ್ಷ. ಇಲ್ಲಿ ಹರಿದ ಲಾವಾ ಒಂದೇ ಬಗೆಯದೂ ಅಲ್ಲ. ಮನೋರಿ ಕಡೆ ತಿಳಿಬಣ್ಣದ ಟ್ರಾಕೈಟ್ ಇದೆ, ಭಾಯಂದರ್ ಬಳಿಯ ಡೋಂಗ್ರಿಯಲ್ಲಿ ರಯೋಲೈಟ್ ಇದೆ. ಸ್ಫೋಟದ ಬೂದಿ ಮತ್ತು ಕಲ್ಲುಚೂರುಗಳು ಬೆಸೆದು ಆದ ಬ್ರೆಕ್ಸಿಯಾ ಶಿಲೆ ಹಲವೆಡೆ ಸಿಗುತ್ತದೆ. ಕಾಂದಿವಲಿಯ ಕಲ್ಲುಕ್ವಾರಿಯಲ್ಲಿ ಬಸಾಲ್ಟಿನ ಪೊಳ್ಳುಗಳೊಳಗೆ ಬೆಳೆದ ತಿಳಿಹಸಿರು ಪ್ರಿಹ್ನೈಟ್ ಮತ್ತು ಗೈರೊಲೈಟ್ ಹರಳುಗಳು ಖನಿಜ ಸಂಗ್ರಾಹಕರಿಂದಾಗಿ ಜಗತ್ತಿನಲ್ಲೆಲ್ಲ ಹೆಸರಾಗಿವೆ. ಪವಾಯಿಯ ಐಐಟಿಯಲ್ಲಿ ಭೂವಿಜ್ಞಾನ ವಿಭಾಗವಿದೆ. ಅಲ್ಲಿನ ಹೇತು ಶೇಠ್, ಕಾಂಚನ್ ಪಾಂಡೆ ಮೊದಲಾದವರು ಈ ಶಿಲೆಗಳ ವಯಸ್ಸು ಮತ್ತು ಹುಟ್ಟನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಅಂಥ ವಿದ್ವತ್ತು ಊರಲ್ಲೇ ಇರುವಾಗ ಅದರ ಸಾರವಾದರೂ ಆರನೆಯ ತರಗತಿಯ ಮಗುವಿಗೆ ತಲುಪಬೇಕು.

ಅಂಧೇರಿಯ ಕಂಬಗಳು, ಮಲ್ಪೆಯ ಕಂಬಗಳು

ಅಂಧೇರಿ ಪಶ್ಚಿಮದ ಜನನಿಬಿಡ ಗಲ್ಲಿಗಳ ನಡುವೆ ಗಿಲ್ಬರ್ಟ್ ಹಿಲ್ ಸುಮಾರು 61 ಮೀಟರ್ ಎತ್ತರಕ್ಕೆ ನೇರ ಎದ್ದು ನಿಂತಿದೆ. ಗುಡ್ಡ ಪೂರ್ತಿ ಬಸಾಲ್ಟಿನ ಲಂಬ ಕಂಬಗಳ ಕಟ್ಟು. ವಯಸ್ಸು ಸುಮಾರು 6 ಕೋಟಿ ವರ್ಷ. ನೆತ್ತಿಯ ಮೇಲೆ ಗಾಂವ್‌ದೇವಿಯ ಗುಡಿ ಇದೆ, ಹತ್ತಲು ಮೆಟ್ಟಿಲುಗಳಿವೆ. 1952ರಲ್ಲಿ ಅದಕ್ಕೆ ಸರ್ಕಾರದ ರಕ್ಷಣೆ ದೊರೆಯಿತು, 2007ರಲ್ಲಿ ಮಹಾನಗರ ಪಾಲಿಕೆ ಅದನ್ನು ಎರಡನೆಯ ದರ್ಜೆಯ ಪಾರಂಪರಿಕ ತಾಣವೆಂದು ಘೋಷಿಸಿತು. ಹಿಂದೆ ಸುತ್ತಲೂ ನಡೆದ ಕಲ್ಲುಕ್ವಾರಿಯಲ್ಲಿ ಗುಡ್ಡದ ಬಹುಭಾಗ ಹೋಗಿದೆ. ಈಗ ಉಳಿದಿರುವುದರ ಬುಡದವರೆಗೂ ಕಟ್ಟಡಗಳು ಒತ್ತಿಕೊಂಡು ಬಂದಿವೆ.

ಕಲ್ಲು ಹೀಗೆ ಕಂಬಕಂಬವಾಗಿ ಸೀಳುವುದು ಏಕೆ ಎಂಬ ಪ್ರಶ್ನೆಗೆ ಉತ್ತರವನ್ನು ಮಕ್ಕಳು ತಾವೇ ಕಂಡುಕೊಳ್ಳಬಹುದು. ದಪ್ಪನೆಯ ಲಾವಾ ಆರುತ್ತಾ ಕುಗ್ಗುತ್ತದೆ. ಕುಗ್ಗುವಾಗ ಹುಟ್ಟುವ ಎಳೆತದಿಂದ ಮೇಲ್ಮೈ ಬಿರುಕು ಬಿಡುತ್ತದೆ. ಆರಿದ ಭಾಗ ಒಳಕ್ಕೆ ಇಳಿದಂತೆ ಬಿರುಕೂ ಒಳಕ್ಕೆ ಇಳಿಯುತ್ತದೆ. ಮೂರು ಬಿರುಕುಗಳು 120 ಡಿಗ್ರಿಯಲ್ಲಿ ಸಂಧಿಸಿದರೆ ಎಳೆತ ಎಲ್ಲ ದಿಕ್ಕಿಗೂ ಸಮನಾಗಿ ಕಳೆಯುತ್ತದೆ, ಹಾಗಾಗಿ ಬಹಳಷ್ಟು ಕಂಬಗಳು ಆರು ಮುಖದವು. ಇದನ್ನು ತರಗತಿಯಲ್ಲೇ ಮಾಡಿ ನೋಡಲು ಬೇಕಾದದ್ದು ಕಾರ್ನ್‌ಫ್ಲೋರ್ ಮತ್ತು ನೀರು. ಎರಡನ್ನೂ ಸಮಸಮ ಕಲಸಿ ಒಂದು ಬಟ್ಟಲಿಗೆ ಸುರಿದು, ಬಲ್ಬಿನ ಬಿಸಿಯಲ್ಲಿ ಕೆಲವು ದಿನ ಒಣಗಲು ಬಿಡಬೇಕು. ಗಟ್ಟಿಯಾದ ಹಿಟ್ಟಿನ ಮುದ್ದೆಯನ್ನು ಮುರಿದು ನೋಡಿದರೆ ಒಳಗೆ ಸಣ್ಣ ಸಣ್ಣ ಕಂಬಗಳ ಸಾಲು ಇರುತ್ತದೆ. ಲಾವಾ ಬಿಸಿ ಕಳೆದುಕೊಂಡು ಕುಗ್ಗಿತು, ಹಿಟ್ಟು ನೀರು ಕಳೆದುಕೊಂಡು ಕುಗ್ಗಿತು, ಬಿರುಕಿನ ನಿಯಮ ಎರಡಕ್ಕೂ ಒಂದೇ. ವಿಜ್ಞಾನಿಗಳು ಕಂಬಶಿಲೆಯನ್ನು ಅರ್ಥ ಮಾಡಿಕೊಳ್ಳಲು ಪ್ರಯೋಗಾಲಯದಲ್ಲಿ ಈ ಹಿಟ್ಟಿನ ಪ್ರಯೋಗವನ್ನೇ ಬಳಸಿದ್ದಾರೆ.

ಕರಾವಳಿಯ ಮೂಲದ ಮಕ್ಕಳಿಗೆ ಇಂಥ ಕಂಬಗಳು ಹೊಸತಲ್ಲ. ಉಡುಪಿಯ ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರಿಸ್ ದ್ವೀಪಕ್ಕೆ ಹೋದವರೆಲ್ಲ ಅವುಗಳ ಮೇಲೆ ಹತ್ತಿ ಫೋಟೊ ತೆಗೆಸಿಕೊಂಡಿರುತ್ತಾರೆ. ಅವು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಆಕಾರ ಒಂದೇ ಆದರೂ ಮಲ್ಪೆಯ ಕಂಬಗಳು ಅಂಧೇರಿಯವಕ್ಕಿಂತ ಎರಡೂವರೆ ಕೋಟಿ ವರ್ಷಕ್ಕೂ ಹಿರಿಯವು. ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲಕ್ಕೆ, ಅಂದರೆ ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಅವುಗಳ ಲಾವಾ ಉಕ್ಕಿತು. ಮುಂಬಯಿಯ ಶಿಲೆಗಳು ಸೇಷೆಲ್ಸ್ ದ್ವೀಪಸಮೂಹ ಭಾರತದಿಂದ ದೂರ ಸರಿದ ಕಾಲದವು. ಮಗುವಿನ ಅಜ್ಜಿಯ ಊರಿನ ದಡವೂ ಅದು ಹುಟ್ಟಿದ ನಗರದ ದಡವೂ ಭೂಖಂಡದ ಎರಡು ಬೇರೆ ಬೇರೆ ಅಗಲಿಕೆಗಳಿಗೆ ಸಾಕ್ಷಿ. ಅರಬ್ಬೀ ಸಮುದ್ರದ ಹುಟ್ಟನ್ನು ಕಲಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಮುಂಬಯಿ ಕನ್ನಡ ಮಗುವಿಗೆ ಸಿಗಲಾರದು.

ವರ್ಲಿಯಲ್ಲಿ ಸಿಕ್ಕ ಕಪ್ಪೆ

ಒಂದು ಲಾವಾ ಹರಿವಿಗೂ ಮುಂದಿನದಕ್ಕೂ ನಡುವೆ ಸಾವಿರಾರು ವರ್ಷಗಳ ಬಿಡುವು ಇರುತ್ತಿತ್ತು. ಆ ಬಿಡುವಿನಲ್ಲಿ ತಗ್ಗುಗಳಲ್ಲಿ ನೀರು ನಿಂತು ಕೆರೆ, ಜೌಗು ಆಗುತ್ತಿದ್ದವು. ಗಿಡ ಬೆಳೆಯುತ್ತಿತ್ತು, ಜೀವಿಗಳು ಬರುತ್ತಿದ್ದವು. ತಳದಲ್ಲಿ ಕೂತ ಹೂಳು ಮುಂದಿನ ಲಾವಾದ ಕೆಳಗೆ ಮುಚ್ಚಿಹೋಗಿ ಪದರಶಿಲೆಯಾಯಿತು. ಮಲಬಾರ್ ಹಿಲ್ ಮತ್ತು ವರ್ಲಿ ಗುಡ್ಡಗಳಲ್ಲಿ ಇಂಥ ಪದರಗಳಿವೆ.

ಹತ್ತೊಂಬತ್ತನೆಯ ಶತಮಾನದಲ್ಲಿ ವರ್ಲಿಯ ಆ ಪದರಗಳಲ್ಲಿ ಪುಟ್ಟ ಕಪ್ಪೆಗಳ ಪಳೆಯುಳಿಕೆಗಳು ಸಿಕ್ಕವು. 1847ರಲ್ಲಿ ಲಂಡನ್ನಿನ ರಿಚರ್ಡ್ ಓವೆನ್ ಅವುಗಳನ್ನು ವಿವರಿಸಿದರು. ಡೈನೋಸಾರ್ ಎಂಬ ಹೆಸರನ್ನು 1842ರಲ್ಲಿ ಜಗತ್ತಿಗೆ ಕೊಟ್ಟವರೂ ಇದೇ ಓವೆನ್. ವರ್ಲಿಯ ಕಪ್ಪೆ ಈಗ ವಿಜ್ಞಾನದಲ್ಲಿ ಇಂಡೋಬ್ಯಾಟ್ರಕಸ್ ಪುಸಿಲಸ್. ಮುಂಬಯಿಯಲ್ಲಿ ವೈದ್ಯರಾಗಿದ್ದ ಎಚ್. ಜೆ. ಕಾರ್ಟರ್ ಅದೇ ಪದರದ ಸಿಹಿನೀರಿನ ಆಮೆಯೊಂದನ್ನು 1852ರಲ್ಲಿ ವಿವರಿಸಿದರು, ಮುಂಬಯಿ ದ್ವೀಪದ ಭೂವಿಜ್ಞಾನದ ಬಗ್ಗೆ ವಿಸ್ತಾರವಾಗಿ ಬರೆದರು.

ಡೈನೋಸಾರ್‌ಗಳು ಅಳಿದದ್ದು 6.6 ಕೋಟಿ ವರ್ಷಗಳ ಹಿಂದೆ. ಮುಂಬಯಿಯ ಈ ಪದರಗಳಲ್ಲಿ ಸಿಕ್ಕ ಸಸ್ಯ ಪರಾಗಗಳು ಅವು ಆ ಅಳಿವಿನ ನಂತರದ ಕಾಲದವೆಂದು ತೋರಿಸಿವೆ. ಮಹಾನಾಶ ಕಳೆದ ಮೇಲೂ ಲಾವಾ ಹರಿವುಗಳ ನಡುವಿನ ಕೆರೆಯೊಂದರಲ್ಲಿ ಕಪ್ಪೆಗಳು ಬದುಕಿದ್ದವು. ಡೈನೋಸಾರ್ ಎಂದರೆ ಕಣ್ಣರಳಿಸುವ ವಯಸ್ಸಿನ ಮಕ್ಕಳಿಗೆ ಈ ಪುಟ್ಟ ಕಪ್ಪೆಯ ಕಥೆ ಹೇಳಬೇಕು. ದೊಡ್ಡವು ಅಳಿದ ಲೋಕದಲ್ಲಿ ಸಣ್ಣವು ಹೇಗೆ ಉಳಿದವು ಎಂಬ ಪ್ರಶ್ನೆ ಅವರಲ್ಲಿ ತಾನಾಗಿಯೇ ಏಳುತ್ತದೆ.

ಎರಡು ಸಾಲು ಗುಡ್ಡ, ನಡುವೆ ನಿಂತ ನೀರು

ಸಹ್ಯಾದ್ರಿಯಲ್ಲಿ ಲಾವಾ ಪದರಗಳು ಹೆಚ್ಚುಕಡಿಮೆ ಮಟ್ಟಸವಾಗಿವೆ. ಪನ್ವೇಲ್ ದಾಟಿ ಪಶ್ಚಿಮಕ್ಕೆ ಬಂದಂತೆ ಅವು ಸಮುದ್ರದ ಕಡೆಗೆ ಬಾಗುತ್ತವೆ. ಭೂಖಂಡದ ಅಂಚು ಸೀಳಿ ಕುಸಿದಾಗ ಉಂಟಾದ ಈ ಬಾಗನ್ನು ಭೂವಿಜ್ಞಾನಿಗಳು ಪನ್ವೇಲ್ ಫ್ಲೆಕ್ಸರ್ ಎನ್ನುತ್ತಾರೆ. ಮುಂಬಯಿ ಕೂತಿರುವುದು ಈ ಓರೆ ಪದರಗಳ ಮೇಲೆ. ಗಟ್ಟಿ ಪದರಗಳು ಸವೆಯದೆ ಉತ್ತರ ದಕ್ಷಿಣವಾಗಿ ಗುಡ್ಡಸಾಲುಗಳಾಗಿ ಉಳಿದವು. ಪಶ್ಚಿಮದಲ್ಲಿ ಮಲಬಾರ್ ಹಿಲ್‌ನಿಂದ ವರ್ಲಿಯವರೆಗೆ ಒಂದು ಸಾಲು, ಪೂರ್ವದಲ್ಲಿ ಮಜಗಾಂವ್, ಶಿವಡಿ, ಆಂಟಾಪ್ ಹಿಲ್, ಸಾಯನ್ ಕಡೆಗೆ ಇನ್ನೊಂದು.

ಕೊಲಾಬಾ, ಪುಟ್ಟ ಕೊಲಾಬಾ, ಮುಂಬಯಿ, ಮಜಗಾಂವ್, ಪರೇಲ್, ವರ್ಲಿ, ಮಾಹಿಮ್ ಎಂಬ ಏಳು ದ್ವೀಪಗಳು ಈ ಸಾಲುಗಳ ನೀರಿನ ಮೇಲೆ ಕಾಣುತ್ತಿದ್ದ ಭಾಗಗಳು. ನಡುವಿನ ತಗ್ಗಿಗೆ ಭರತದ ನೀರು ನುಗ್ಗುತ್ತಿತ್ತು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಗವರ್ನರ್ ಹಾರ್ನ್‌ಬಿ ವರ್ಲಿಯ ಬಳಿ ಕಟ್ಟಿಸಿದ ಒಡ್ಡು ಆ ನೀರನ್ನು ತಡೆಯಿತು. ಆಮೇಲೆ ಗುಡ್ಡಗಳನ್ನು ಕಡಿದು ತಂದ ಕಲ್ಲುಮಣ್ಣಿನಿಂದ ತಗ್ಗನ್ನು ತುಂಬುತ್ತಾ ಬಂದರು. ಪ್ರತಿ ಮಳೆಗಾಲದಲ್ಲೂ ದಾದರ್ ಪರೇಲ್ ನಡುವಿನ ಹಿಂದಮಾತಾದಲ್ಲಿ ನೀರು ನಿಂತ ಚಿತ್ರ ಟಿವಿಯಲ್ಲಿ ಬರುತ್ತದೆ. ಚರಂಡಿಯ ಅವ್ಯವಸ್ಥೆ ಅದಕ್ಕೆ ಒಂದು ಕಾರಣ. ಆ ಜಾಗ ಎರಡು ಶಿಲಾ ಸಾಲುಗಳ ನಡುವಿನ ಹಳೆಯ ತಗ್ಗು ಎಂಬುದು ಅದಕ್ಕಿಂತ ಹಿಂದಿನ ಕಾರಣ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ನೀರು ತನ್ನ ಹಳೆಯ ದಾರಿಗಳನ್ನೇ ಹುಡುಕಿಕೊಂಡು ಹೋಯಿತು. ಮಗು ತನ್ನ ಬಡಾವಣೆ ಗುಡ್ಡದ ಮೇಲಿದೆಯೇ, ತಗ್ಗಿನಲ್ಲಿದೆಯೇ, ತುಂಬಿದ ನೆಲದ ಮೇಲಿದೆಯೇ ಎಂದು ನಕ್ಷೆಯಲ್ಲಿ ಗುರುತಿಸಲಿ. ಅಷ್ಟು ತಿಳಿದರೆ ಜುಲೈ ತಿಂಗಳ ಸುದ್ದಿ ಅದಕ್ಕೆ ಅರ್ಥವಾಗುತ್ತದೆ.

ಗುಡ್ಡದ ಇಳಿಜಾರಿನ ಪಾಠ ಇನ್ನೂ ತುರ್ತಿನದು. 2000ದ ಜುಲೈಯಲ್ಲಿ ಘಾಟ್ಕೋಪರ್‌ನ ಗುಡ್ಡದ ಮಗ್ಗುಲು ಜೋಪಡಿಗಳ ಮೇಲೆ ಕುಸಿಯಿತು. 2021ರ ಜುಲೈಯಲ್ಲಿ ಚೆಂಬೂರಿನಲ್ಲಿ ಗುಡ್ಡದ ಬುಡದ ಮನೆಗಳ ಮೇಲೆ ಗೋಡೆ ಉರುಳಿತು. ಎರಡರಲ್ಲೂ ಜೀವಗಳು ಹೋದವು. ಬಸಾಲ್ಟ್ ಗಟ್ಟಿಯಾದ ಕಲ್ಲು, ನಿಜ. ಆದರೆ ಮಳೆ ಬಿಸಿಲಿಗೆ ಬಿರುಕುಗಳ ಗುಂಟ ಅದು ಶಿಥಿಲವಾಗುತ್ತದೆ, ಮೇಲಿನ ಮಣ್ಣು ನೀರು ಕುಡಿದು ಭಾರವಾಗುತ್ತದೆ, ಬುಡವನ್ನು ಕಡಿದಿದ್ದರೆ ಆಸರೆ ತಪ್ಪುತ್ತದೆ. ಇಂಥ ಇಳಿಜಾರುಗಳಲ್ಲೇ ಸಾವಿರಾರು ವಿದ್ಯಾರ್ಥಿಗಳ ಮನೆಗಳಿವೆ. ಗೋಡೆಯಲ್ಲಿ ಹೊಸ ಬಿರುಕು, ಓರೆಯಾದ ಮರ, ಇದ್ದಕ್ಕಿದ್ದಂತೆ ಕೆಂಪಾಗಿ ಹರಿಯುವ ನೀರು ಅಪಾಯದ ಸೂಚನೆಗಳೆಂದು ಪ್ರತಿ ಮಗುವಿಗೂ ಗೊತ್ತಿರಬೇಕು. ಶಿಲೆಗಳ ಪಾಠದಲ್ಲಿ ಜೀವ ಉಳಿಸುವ ಪುಟ ಇದು.

ಗೋಡೆಗಳನ್ನು ಓದುವ ನಡಿಗೆ

ಕಾಡುಮೇಡು ಅಲೆಯಲು ಅನುಕೂಲವಿಲ್ಲದ ಶಾಲೆ ಮಕ್ಕಳನ್ನು ಒಂದು ಬೆಳಗ್ಗೆ ಫೋರ್ಟ್ ಪ್ರದೇಶಕ್ಕೆ ಕರೆದೊಯ್ಯಬಹುದು. 1924ರಲ್ಲಿ ಉದ್ಘಾಟನೆಯಾದ ಗೇಟ್‌ವೇ ಆಫ್ ಇಂಡಿಯಾ ಹಳದಿ ಬಸಾಲ್ಟಿನದು. 1922ರಲ್ಲಿ ತೆರೆದ ಛತ್ರಪತಿ ಶಿವಾಜಿ ವಸ್ತುಸಂಗ್ರಹಾಲಯದಲ್ಲಿ ಕುರ್ಲಾದ ಬೂದು ಬಸಾಲ್ಟೂ ಮಾಲಾಡಿನ ಹಳದಿ ಛಾಯೆಯ ಟ್ರಾಕೈಟೂ ಜೊತೆಯಾಗಿವೆ. ಕಾಲಾಘೋಡಾದ ಡೇವಿಡ್ ಸಸೂನ್ ಗ್ರಂಥಾಲಯ ಮಾಲಾಡ್ ಕಲ್ಲಿನದು. ಹಲವು ಕಟ್ಟಡಗಳ ಕೆತ್ತನೆಗೆ ಗುಜರಾತಿನ ಪೋರಬಂದರದಿಂದ ಸುಣ್ಣದ ಕಲ್ಲು ಹಡಗಿನಲ್ಲಿ ಬಂತು. ಅದು ಪದರಶಿಲೆ. ಒಳಗಿನ ನೆಲ, ಕಂಬಗಳಲ್ಲಿ ಅಮೃತಶಿಲೆ ಇದ್ದರೆ ಅದು ಸುಣ್ಣದ ಕಲ್ಲು ಬಿಸಿ ಒತ್ತಡಗಳಿಗೆ ಸಿಕ್ಕಿ ಬದಲಾದ ರೂಪಾಂತರ ಶಿಲೆ. ಪುಸ್ತಕದ ಮೂರು ಬಗೆಗಳೂ ಒಂದೇ ನಡಿಗೆಯ ದೂರದಲ್ಲಿ ಮುಟ್ಟಲು ಸಿಗುತ್ತವೆ.

ಇನ್ನೊಂದು ದಿನ ಬೋರಿವಲಿಯ ರಾಷ್ಟ್ರೀಯ ಉದ್ಯಾನದೊಳಗಿನ ಕಾನ್ಹೇರಿ ಗುಹೆಗಳಿಗೆ ಹೋಗಬೇಕು. ನೂರಕ್ಕೂ ಹೆಚ್ಚು ಗುಹೆಗಳನ್ನು ಬೌದ್ಧ ಭಿಕ್ಷುಗಳು ಜ್ವಾಲಾಮುಖಿ ಬ್ರೆಕ್ಸಿಯಾದಲ್ಲಿ ಕೊರೆಸಿದ್ದಾರೆ. ಗೋಡೆಯನ್ನು ಹತ್ತಿರದಿಂದ ನೋಡಿದರೆ ಬೂದಿಯಲ್ಲಿ ಹೂತ ಕಲ್ಲುಚೂರುಗಳು ಎದ್ದು ಕಾಣುತ್ತವೆ. ಹಾಸುಬಂಡೆಯಲ್ಲಿ ತೋಡಿದ ತೊಟ್ಟಿಗಳಿಗೆ ಕಾಲುವೆಗಳಿಂದ ಮಳೆನೀರು ಇಳಿಯುತ್ತದೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಶಾಸನಗಳೂ ಇಲ್ಲಿವೆ. ಅದೇ ವಂಶದ ಒಂದನೆಯ ಕೃಷ್ಣನ ಕಾಲದಲ್ಲಿ ಎಲ್ಲೋರದ ಕೈಲಾಸ ದೇವಾಲಯವನ್ನು ಇಡಿಯ ಬಸಾಲ್ಟ್ ಬೆಟ್ಟದಿಂದ ಕಡೆದು ತೆಗೆದರು. ಕನ್ನಡ ಮಗುವಿಗೆ ಇಲ್ಲಿ ಚರಿತ್ರೆಯ ಪಾಠವೂ ಭೂಗೋಳದ ಪಾಠವೂ ಒಟ್ಟಿಗೆ ಸಿಗುತ್ತವೆ.

ಚಾಳಿನ ನೆಲದಿಂದ ಊರಿನ ದಾರಿಗೆ

ಮುಂಬಯಿಯ ಹಳೆಯ ಚಾಳುಗಳ ನೆಲಕ್ಕೂ ಅಂಗಳಕ್ಕೂ ಹಾಸಿರುವ ಬೂದುಬಣ್ಣದ ಚಪ್ಪಟೆ ಕಲ್ಲನ್ನು ಇಲ್ಲಿನವರು ಶಹಾಬಾದಿ ಲಾದಿ ಎನ್ನುತ್ತಾರೆ. ಅದು ಕಲಬುರಗಿ ಜಿಲ್ಲೆಯ ಶಹಾಬಾದಿನ ಸುಣ್ಣದ ಕಲ್ಲು, ಭೀಮಾ ತೀರದ ಕಲ್ಲು. ಡೈನೋಸಾರ್‌ಗಳು ಹುಟ್ಟುವುದಕ್ಕೂ ಎಷ್ಟೋ ಮೊದಲು ಅಲ್ಲಿದ್ದ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತದ್ದರಿಂದಲೇ ಅದು ಹಲಗೆಯಂತೆ ಸಮನಾಗಿ ಏಳುತ್ತದೆ. ದಖ್ಖನ್ ಲಾವಾ ಹರಿದದ್ದು ಆ ಹಳೆಯ ಪದರಗಳ ಮೇಲೆಯೇ. ಅಜ್ಜ ಕೆಲಸ ಹುಡುಕಿಕೊಂಡು ರೈಲು ಹತ್ತಿ ಬಂದ ದಾರಿಯಲ್ಲೇ ಕರ್ನಾಟಕದ ಕಲ್ಲೂ ಬಂದು ಅವನ ಚಾಳಿನ ನೆಲವಾಯಿತು.

ಆ ರೈಲುದಾರಿಗಳೇ ಒಂದೊಂದು ಪಾಠ. ಬೆಂಗಳೂರಿಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ಸೋಲಾಪುರ ದಾಟುವವರೆಗೂ ಬಸಾಲ್ಟ್ ಮತ್ತು ಎರೆನೆಲ. ಶಹಾಬಾದ್, ವಾಡಿಗಳಲ್ಲಿ ಸುಣ್ಣದ ಕಲ್ಲು ಬರುತ್ತದೆ, ಅದನ್ನೇ ನಂಬಿದ ಸಿಮೆಂಟ್ ಕಾರ್ಖಾನೆ ಕಾಣುತ್ತದೆ. ರಾಯಚೂರಿಗೆ ಬಂದರೆ ಗ್ರಾನೈಟ್, ನೈಸ್ ಗುಂಡುಗಳ ನಾಡು. 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲುದಾರಿಯಲ್ಲಿ ಮಂಗಳೂರಿಗೆ ಹೋಗುವ ಮಗು ಕರಿಬಸಾಲ್ಟಿನ ಸುರಂಗಗಳನ್ನು ಹಾದು ರತ್ನಾಗಿರಿಯ ಕೆಂಪು ಮುರಕಲ್ಲಿನ ಬಯಲು ಕಾಣುತ್ತದೆ. ಗೋವಾ ದಾಟಿ ಕಾರವಾರದ ಕಡೆಗೆ ಬಂದಂತೆ ಲಾವಾದ ನಾಡು ಹಿಂದೆ ಉಳಿದು ನೂರಾರು ಕೋಟಿ ವರ್ಷ ಹಳೆಯ ಶಿಲೆಗಳು ಶುರುವಾಗುತ್ತವೆ. ಮೇ ತಿಂಗಳ ರಜೆಗೆ ಊರಿಗೆ ಹೊರಟ ಮಕ್ಕಳಿಗೆ ಒಂದು ವಹಿ ಕೊಟ್ಟು, ನಿಲ್ದಾಣಕ್ಕೊಂದರಂತೆ ಕಲ್ಲು ಮಣ್ಣಿನ ಬಣ್ಣ ಬರೆದುಕೊಂಡು ಬರಲು ಹೇಳಿದರೆ ಜೂನ್‌ನಲ್ಲಿ ತರಗತಿಯ ಗೋಡೆಗೆ ಮಕ್ಕಳದೇ ಭೂಪಟ ಸಿದ್ಧವಾಗುತ್ತದೆ.

ತರಗತಿಗೆ ಬೇಕಾದ ಸಾಮಾನು

ಪೆಟ್ಟಿಗೆಯೊಂದರಲ್ಲಿ ಬಸಾಲ್ಟ್, ಗ್ರಾನೈಟ್, ಶಹಾಬಾದಿ, ಮುರಕಲ್ಲು, ಅಮೃತಶಿಲೆಯ ಚೂರುಗಳಿರಲಿ. ಕಟ್ಟಡ ಕೆಲಸದ ಜಾಗದಲ್ಲಿ, ಕಲ್ಲು ಕೊರೆಯುವ ಅಂಗಡಿಯಲ್ಲಿ ಕೇಳಿದರೆ ಸಿಗುತ್ತವೆ. ರೈಲು ಹಳಿಯ ಹತ್ತಿರ ಮಾತ್ರ ಯಾರೂ ಹೋಗಕೂಡದು. ಶಹಾಬಾದಿಯನ್ನು ಮೊಳೆಯಿಂದ ಗೀರಿ ಪುಡಿ ಮಾಡಿ ವಿನಿಗರ್ ಹಾಕಿದರೆ ಗುಳ್ಳೆ ಏಳುತ್ತದೆ, ಬಸಾಲ್ಟಿನ ಪುಡಿ ಸುಮ್ಮನಿರುತ್ತದೆ. ಜುಹೂ ದಂಡೆಯ ಮರಳಿನ ಕಪ್ಪು ಗೆರೆಗಳ ಮೇಲೆ ಅಯಸ್ಕಾಂತ ಆಡಿಸಿದರೆ ಕಪ್ಪು ಕಣಗಳು ಅಂಟುತ್ತವೆ. ಬಸಾಲ್ಟ್ ಸವೆದಾಗ ಅದರೊಳಗಿನ ಕಬ್ಬಿಣದ ಖನಿಜಗಳು ಹೀಗೆ ದಂಡೆ ಸೇರುತ್ತವೆ.

ಕಾಲದ ಅಳತೆಯೇ ಮಕ್ಕಳಿಗೆ ಎಲ್ಲಕ್ಕಿಂತ ಕಷ್ಟ. ಶಾಲೆಯ ಕಾರಿಡಾರಿನಲ್ಲಿ ಒಂದು ಹಗ್ಗ ಎಳೆದು, ಒಂದು ಮಿಲಿಮೀಟರ್ ಎಂದರೆ ಒಂದು ಲಕ್ಷ ವರ್ಷ ಎಂದು ಇಟ್ಟುಕೊಳ್ಳೋಣ. ಭೂಮಿಯ 454 ಕೋಟಿ ವರ್ಷಗಳಿಗೆ 45 ಮೀಟರಿಗಿಂತ ಸ್ವಲ್ಪ ಹೆಚ್ಚು ಹಗ್ಗ ಬೇಕು. ಬೆಂಗಳೂರಿನ ಲಾಲ್‌ಬಾಗ್ ಬಂಡೆ ಇಂದಿನ ತುದಿಯಿಂದ ಸುಮಾರು 30 ಮೀಟರ್ ದೂರ. ಮಲ್ಪೆಯ ಕಂಬಗಳು 88 ಸೆಂಟಿಮೀಟರ್, ದಖ್ಖನ್ ಲಾವಾ 66, ಗಿಲ್ಬರ್ಟ್ ಹಿಲ್ 60. ಮನುಷ್ಯಕುಲಕ್ಕೆ ಸಿಗುವುದು ಮೂರು ಮಿಲಿಮೀಟರ್. ಹಗ್ಗದ ಉದ್ದಕ್ಕೂ ನಡೆದ ಮಗುವಿಗೆ ಕೋಟಿ ಎಂಬ ಸಂಖ್ಯೆಯ ತೂಕ ಕಾಲಿಗೇ ತಿಳಿಯುತ್ತದೆ.

ಕನ್ನಡದಲ್ಲಿ ಇದಕ್ಕೆ ಗಟ್ಟಿ ಪರಂಪರೆಯಿದೆ. ಶಿವರಾಮ ಕಾರಂತರು ಬಾಲಪ್ರಪಂಚ, ವಿಜ್ಞಾನ ಪ್ರಪಂಚಗಳನ್ನು ಒಬ್ಬರೇ ಬರೆದು ಮಕ್ಕಳಿಗೂ ದೊಡ್ಡವರಿಗೂ ಕೊಟ್ಟರು. ಭಾರತೀಯ ಭೂವೈಜ್ಞಾನಿಕ ಸಂಘವನ್ನು 1958ರಲ್ಲಿ ಕಟ್ಟಿದವರಲ್ಲಿ ಮುಂಚೂಣಿಯಲ್ಲಿದ್ದವರು ಬಿ. ಪಿ. ರಾಧಾಕೃಷ್ಣ. ಭೂವಿಜ್ಞಾನಿ ಟಿ. ಆರ್. ಅನಂತರಾಮು ತಿಳಿಗನ್ನಡದಲ್ಲಿ ಈ ವಿಷಯಗಳನ್ನು ಬರೆಯುತ್ತಾ ಬಂದಿದ್ದಾರೆ. ಮುಂಬಯಿಯ ಕನ್ನಡ ಸಂಘಗಳು ನಾಟಕ, ಯಕ್ಷಗಾನಗಳಿಗೆ ತೋರುವ ಪ್ರೀತಿಯ ಒಂದಂಶವನ್ನು ಇತ್ತ ತಿರುಗಿಸಿದರೆ ಪ್ರತಿ ಕನ್ನಡ ಶಾಲೆಗೂ ಒಂದು ಶಿಲಾಪೆಟ್ಟಿಗೆ, ವರ್ಷಕ್ಕೊಂದು ಕಲ್ಲಿನ ನಡಿಗೆ ಕೈಗೆಟುಕುವ ಕೆಲಸ.

ಪಾಲಿಕೆಯ ಪಾಲೂ ಇದೆ. ಅದು ಕನ್ನಡವೂ ಸೇರಿ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ. ಗಿಲ್ಬರ್ಟ್ ಹಿಲ್, ವರ್ಲಿ, ಮನೋರಿ, ಶಿವಡಿಗಳಲ್ಲಿ ಆಯಾ ಶಿಲೆಯ ಹೆಸರು, ವಯಸ್ಸು, ಹುಟ್ಟಿದ ಬಗೆಯನ್ನು ಅದೇ ಎಂಟು ಭಾಷೆಗಳಲ್ಲಿ ಬರೆಸಿ ನಿಲ್ಲಿಸಬೇಕು. ಗಿಲ್ಬರ್ಟ್ ಹಿಲ್‌ನ ಬುಡದಲ್ಲಿ ಇನ್ನೊಂದು ಇಟ್ಟಿಗೆಯೂ ಏಳದಂತೆ ನೋಡಿಕೊಳ್ಳಬೇಕು. ಗುಡ್ಡ ಕಡಿಯುವ, ಕೊಲ್ಲಿ ತುಂಬುವ ತೀರ್ಮಾನಗಳನ್ನು ಮುಂದೆ ಕೈಗೊಳ್ಳುವವರು ಇಂದು ಆರನೆಯ ತರಗತಿಯಲ್ಲಿ ಕೂತಿದ್ದಾರೆ. ಈ ನಗರ ಯಾವ ಕಲ್ಲಿನ ಮೇಲೆ ನಿಂತಿದೆ, ಎಲ್ಲಿ ನಿಂತಿಲ್ಲ ಎಂಬುದನ್ನು ಅವರಿಗೆ ಈಗಲೇ ಕಲಿಸಬೇಕು.